ಸಬೀನಮ್ಮ ಕೇಳಿದ ಕ್ಷಮೆ

ಹೆರೆಫರ್ಡ್ ಸೀಮೆಯ ನಮ್ಮ ಮನೆಯಲ್ಲಿ ಸಬೀನಮ್ಮ ನಲವತ್ತು ವರ್ಷ ಮಕ್ಕಳಿಗೆ ಫ್ರೆಂಚ್ ಕಲಿಸಿದಳು. ಅವಳ ಹಿರಿಯರು ಹಿಂದೆಂದೋ ಈ ನಾಡು ಗೆದ್ದ ದೊರೆಯ ಜೊತೆ ಫ್ರೆಂಚ್ ಸೀಮೆಯ ನಾರ್ಮಂಡಿಯಿಂದ ಹಡಗಿನಲ್ಲಿ ಬಂದವರು. ಅವಳು ಕಡಲನ್ನೇ ಕಂಡಿರಲಿಲ್ಲ. ಆದರೂ ಜಂಬಕ್ಕೇನೂ ಕಡಿಮೆಯಿರಲಿಲ್ಲ. ಇಂಗ್ಲಿಷ್ ಅಂದರೆ ಹಟ್ಟಿಯ ಮಾತು ಎಂದು ಮೂಗು ಮುರಿಯುತ್ತಿದ್ದಳು. ಅಡುಗೆಮನೆಯ ನಾಲ್ಕು ಪದ ಬಿಟ್ಟರೆ ಅವಳಿಗೆ ಅದು ಬರುತ್ತಲೂ ಇರಲಿಲ್ಲ.

ನಮಗೆಲ್ಲ ಹಾಲೂಡಿಸಿದವಳು ಇಂಗ್ಲಿಷಿನವಳು. ಹಾಗಾಗಿ ಮೊದಲು ಬಾಯಿಗೆ ಬರುತ್ತಿದ್ದುದು ಅವಳ ಮಾತೇ. ಅದನ್ನು ಬಿಡಿಸುವುದು ಸಬೀನಮ್ಮನ ಕೆಲಸ. ಫ್ರೆಂಚಿನಲ್ಲಿ ಕೇಳದೆ ತಟ್ಟೆಗೆ ರೊಟ್ಟಿ ಬೀಳುತ್ತಿರಲಿಲ್ಲ. ನಾನು ಬೇಗ ಕಲಿತೆ. ತಮ್ಮ ಫುಲ್ಕ್ ಕಲಿಯಲಿಲ್ಲ. ಐದನೇ ವರ್ಷಕ್ಕೆ ಜ್ವರ ಬಂದು ಹೋಗಿಬಿಟ್ಟ.

ಮಹಾಮಾರಿ ಬಂದ ವರ್ಷ ಸಬೀನಮ್ಮನೂ ಮಲಗಿದಳು. ಅವಳ ಭಾಷೆ ಬಲ್ಲ ಮುದಿ ಪಾದ್ರಿ ಆಗಲೇ ಮಣ್ಣು ಸೇರಿದ್ದ. ಹೊಸಬ ಹಾಬ್, ಕುರುಬರ ಮಗ, ಬರೀ ಇಂಗ್ಲಿಷಿನವನು. ಪಾಪ ಹೇಳಿಕೊಳ್ಳದೆ ಸತ್ತರೆ ಗತಿಯೇನೆಂದು ಅವಳು ನಡುಗಿದಳು. ಅವಳ ಮಾತನ್ನು ಅವನಿಗೆ, ಅವನದನ್ನು ಅವಳಿಗೆ ದಾಟಿಸಲು ನನ್ನನ್ನು ನಡುವೆ ಕೂರಿಸಿದರು. ಪಾದ್ರಿಯ ಮುಂದೆ ಹೇಳಿಕೊಂಡ ಪಾಪದ ಗುಟ್ಟು ಬಿಚ್ಚಬಾರದೆಂದು ಬಲ್ಲೆ. ಆದರೆ ಒಬ್ಬಳೇ ಹೊತ್ತು ಸಾಕಾಗಿದೆ.

"ಅವತ್ತು ನೀವೆಲ್ಲ ಚರ್ಚಿಗೆ ಹೋಗಿದ್ರಿ," ಎಂದು ಸಬೀನಮ್ಮ ಶುರುಮಾಡಿದಳು. " ಫುಲ್ಕ್ ಇಂಗ್ಲಿಷಲ್ಲಿ ನೀರು ಕೇಳ್ದ. ನಂಗೆ ಅರ್ಥ ಆಯ್ತು. ಆದ್ರೂ ಫ್ರೆಂಚಲ್ಲಿ ಕೇಳು ಅಂದೆ. ಪಾಠ ತಪ್ಪಿಸ್ಕೊಳ್ಳೋಕೆ ನಾಟಕ ಆಡ್ತಿದಾನೆ ಅಂದ್ಕೊಂಡೆ. ಹೊತ್ತು ಇಳಿಯೋವರ್ಗೂ ಕೇಳ್ದ ಕಣೇ. ಆಮೇಲೆ ಸುಮ್ನಾದ."



"ಏನಂದ್ರಮ್ಮಾ?" ಎಂದು ಹಾಬ್ ನನ್ನನ್ನು ಕೇಳಿದ.

ಒಂದು ಪದವನ್ನೂ ಬಿಡದೆ ಹೇಳಿದೆ. ಅವನು ತಲೆ ತಗ್ಗಿಸಿ, "ಪಾಪ ಕಳೀತು ಅಂತ ಹೇಳಿ" ಎಂದ. ಹೇಳಿದೆ.

ಸಬೀನಮ್ಮ ನನ್ನ ಕೈ ಹಿಡಿದಳು. "ದೇವ್ರದ್ದಾಯ್ತು. ನೀನು ಕ್ಷಮಿಸಿದ್ಯಾ ಮಗಳೆ?"

"ಕ್ಷಮಿಸಿದೀನಿ" ಎಂದೆ. ಬಾಯಿಗೆ ಬಂದದ್ದು ತಮ್ಮನ ಮಾತು, ಇಂಗ್ಲಿಷು.

ಅವಳಿಗೆ ತಿಳಿಯಲಿಲ್ಲ. "ಫ್ರೆಂಚಲ್ಲಿ ಹೇಳೇ" ಎಂದು ಬೇಡಿದಳು.

ನನಗೆ ಸಿಟ್ಟು ನೆತ್ತಿಗೇರಿತು. ಸ್ವಲ್ಪ ಕಾಯಲಿ, ಅವನು ಕಾಯಲಿಲ್ಲವೇ ಎಂದು ಬಾಯಿ ಬಿಗಿಹಿಡಿದು ಕೂತೆ. ಅವಳು ಇನ್ನೆರಡು ಸಲ ಕೇಳಿದಳು. ಆಮೇಲೆ ಕೇಳಲಿಲ್ಲ. ಹೆದರಿ ಫ್ರೆಂಚಿನಲ್ಲಿ ಹೇಳಿದೆ, ಜೋರಾಗಿ ಹೇಳಿದೆ. ಹಾಬ್ ಎದ್ದು ಬಂದು ಅವಳ ಕಣ್ಣು ಮುಚ್ಚಿದ.