ತಗಡಿನ ಬೋರ್ಡಿನ ಏಳನೆಯ ನಿಯಮ

ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆಯಾಯಿತೆಂದರೆ ಈಗಲೂ ನನ್ನ ಕಣ್ಣು ಫೋನಿನ ಕಡೆ ಹೋಗುತ್ತದೆ. ಯಾರ ಕರೆಗಾಗಿ ಕಾಯುತ್ತೇನೋ ಆ ಮನುಷ್ಯ ಪಕ್ಕದ ಕೋಣೆಯಲ್ಲೇ ಬೂಟಿಗೆ ಪಾಲಿಶ್ ಹಾಕುತ್ತಾ ಕೂತಿರುತ್ತಾರೆ. ಗಂಡ ಮನೆಯಲ್ಲಿರುವಾಗಲೇ ಗಂಡನ ಫೋನಿಗಾಗಿ ಹಂಬಲಿಸುವವಳನ್ನು ಏನೆನ್ನಬೇಕೋ ನನಗೆ ಗೊತ್ತಿಲ್ಲ. ಮಗಳಿಗೆ ಹೇಳಿದರೆ ನಗುತ್ತಾಳೆ, ಅದಕ್ಕೇ ಹೇಳಿಲ್ಲ.

ನಾವು ಕೊಡಗಿನವರು. ನನ್ನ ಗಂಡ ಸೈನ್ಯದಲ್ಲಿದ್ದರು. ಅವರಿಗೆ ಹಿಮದ ಗಡಿಗೆ ಪೋಸ್ಟಿಂಗ್ ಆದಾಗ ನಾನೂ ಆಗ ಮೂರನೆಯ ಕ್ಲಾಸಿನಲ್ಲಿದ್ದ ಮಗಳೂ ದೆಹಲಿಯ ಮುನಿರ್ಕಾದಲ್ಲಿ ಬಾಡಿಗೆಗೆ ಉಳಿದುಕೊಂಡೆವು. ಅಲ್ಲೇ ಹತ್ತಿರದ ಒಂದು ಪುಟ್ಟ ಶಾಲೆಯಲ್ಲಿ ನನಗೆ ನರ್ಸರಿ ಮಕ್ಕಳಿಗೆ ಕಲಿಸುವ ಕೆಲಸ. ಮೂರನೆಯ ಮಹಡಿಯಲ್ಲಿ ಒಂದೂವರೆ ಕೋಣೆ. ಎದುರು ಮನೆಯವರ ಟಿವಿಯಲ್ಲಿ ಯಾವ ಸೀರಿಯಲ್ ಬರುತ್ತಿದೆ ಎನ್ನುವುದು ನಮ್ಮ ಅಡುಗೆಮನೆಯಿಂದಲೇ ಕಾಣುತ್ತಿತ್ತು. ಒಳಗೆ ಫೋನಿಗೆ ಸಿಗ್ನಲ್ ಮಾತ್ರ ಇರುತ್ತಿರಲಿಲ್ಲ. ಭಾನುವಾರ ಹನ್ನೊಂದಕ್ಕೆ ತಾರಸಿಗೆ ಹತ್ತಿ ನೀರಿನ ಟ್ಯಾಂಕಿನ ಪಕ್ಕ ನಿಲ್ಲಬೇಕಿತ್ತು. ಅಲ್ಲಿ ಅವರ ಪಾಡೂ ಅಷ್ಟೇ. ಕ್ಯಾಂಪಿನಿಂದ ಕೆಳಗಿನ ಹಳ್ಳಿಗೆ ಬಂದು, ಅಲ್ಲಿದ್ದ ಒಂದೇ ಒಂದು ಅಂಗಡಿಯ ಮುಂದೆ ನಿಂತರೆ ಮಾತ್ರ ಮಾತು.

ಮೊದಲ ಕೆಲವು ವಾರ ನಮಗೆ ಆಡಲು ಮಾತೇ ಸಿಗಲಿಲ್ಲ. ಎಲ್ಲಿದ್ದೀರಿ ಎಂದು ಕೇಳುವಂತಿಲ್ಲ, ಏನು ಮಾಡಿದಿರಿ ಎಂದು ಕೇಳುವಂತಿಲ್ಲ. ಊಟ ಆಯಿತಾ, ಆಯಿತು. ಚಳಿ ಇದೆಯಾ, ಇದೆ. ಏಳು ದಿನ ಕಾದು, ತಾರಸಿ ಹತ್ತಿ, ಇಷ್ಟನ್ನು ಕೇಳಿಸಿಕೊಂಡು ಇಳಿಯಬೇಕು. ನನಗೂ ಮೂಗಿನ ತುದಿಯಲ್ಲೇ ಕೋಪ. ಒಂದು ಭಾನುವಾರ ರೇಗಿಬಿಟ್ಟೆ.

"ಏನಾದ್ರೂ ಹೇಳಿ ಮಾರಾಯ್ರೆ! ಕೆಲಸದ ವಿಷಯ ಬೇಡ. ಎದುರಿಗೆ ಏನು ಕಾಣ್ತದೆ, ಅದನ್ನಾದ್ರೂ ಹೇಳಿ."

ಆಮೇಲೆ ಹೇಳಿದರು, "ಎದುರಿಗೆ ಒಂದು ತಗಡಿನ ಬೋರ್ಡ್ ಇದೆ. ಊರ ರಸ್ತೇಲಿ ಸ್ನೋ ಸ್ಕೂಟರ್ ಹೇಗೆ ಓಡಿಸ್ಬೇಕು ಅಂತ ಬರೆದಿದ್ದಾರೆ."

ಮುಂದೆ ಚಕ್ರದ ಬದಲು ಎರಡು ಜಾರುಪಟ್ಟಿ, ಹಿಂದೆ ರಬ್ಬರಿನ ದೊಡ್ಡ ಬೆಲ್ಟು ಇರುವ, ಹಿಮದ ಮೇಲೆ ಓಡುವ ಆ ಗಾಡಿಯ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು. ಚಳಿಗಾಲದಲ್ಲಿ ಜೀಪು ಓಡುವುದಿಲ್ಲವಂತೆ, ಕ್ಯಾಂಪಿನವರೂ ಹಳ್ಳಿಯವರೂ ಓಡಾಡುವುದು ಅದರಲ್ಲೇ ಅಂತೆ. ಹಿಂದೊಮ್ಮೆ ಯಾರದೋ ಹೇಸರಗತ್ತೆ ಗಾಡಿಯ ಸದ್ದಿಗೆ ಬೆದರಿ ಕಾಲು ಮುರಿದುಕೊಂಡು ದೊಡ್ಡ ಗಲಾಟೆಯಾಗಿ, ಹಳ್ಳಿಯ ಹಿರಿಯರೂ ಕ್ಯಾಂಪಿನ ಸಾಹೇಬರೂ ಒಟ್ಟಿಗೆ ಕೂತು ನಿಯಮ ಮಾಡಿದ್ದರಂತೆ.

"ಎಷ್ಟು ನಿಯಮ?"

"ಏಳು."

"ಓದಿ."

"ಇವತ್ತು ಒಂದೇ ಓದ್ತೇನೆ. ಎಲ್ಲಾ ಇವತ್ತೇ ಮುಗಿಸಿದ್ರೆ ಮುಂದಿನ ವಾರ ಏನು ಮಾಡೋದು?"

ಊರೊಳಗೆ ಮನುಷ್ಯ ನಡೆಯುವ ವೇಗದಲ್ಲೇ ಹೋಗಬೇಕು, ಅದು ಮೊದಲನೆಯದು. ಕೆಳಗೆ ಬಂದು ಮಗಳ ರಫ್ ಪುಸ್ತಕದ ಕೊನೆಯ ಹಾಳೆಯಲ್ಲಿ ಒಂದರಿಂದ ಏಳರವರೆಗೆ ಅಂಕಿ ಹಾಕಿ, ಒಂದರ ಮುಂದೆ ಅದನ್ನು ಬರೆದೆ.

ಆಮೇಲಿನ ಭಾನುವಾರಗಳನ್ನು ನಾನು ಹೇಗೆ ಹೇಳಲಿ. ಮಾತೇ ಬಾರದವರೆಂದು ನಾನು ಅಂದುಕೊಂಡಿದ್ದ ಗಂಡ ಒಂದೊಂದು ನಿಯಮಕ್ಕೆ ಅರ್ಧರ್ಧ ಗಂಟೆ ವಿವರಣೆ ಕೊಟ್ಟರು. ಹಗಲಲ್ಲೂ ಲೈಟ್ ಹಾಕಿರಬೇಕು, ಗಾಡಿಯ ಹಿಂದೆ ಉದ್ದನೆಯ ಕೋಲಿಗೆ ಕೆಂಪು ಬಟ್ಟೆ ಕಟ್ಟಿರಬೇಕು. ಏಕೆಂದರೆ ರಸ್ತೆಯ ಎರಡೂ ಬದಿಗೆ ಸರಿಸಿದ ಹಿಮ ಆಳೆತ್ತರ ಇರುತ್ತದೆ, ತಿರುವಿನಲ್ಲಿ ಮನುಷ್ಯನಿಗಿಂತ ಮೊದಲು ಬಟ್ಟೆ ಕಾಣಬೇಕು. ಸೂರಿನ ಕೆಳಗೆ ಗಾಡಿ ನಿಲ್ಲಿಸಬಾರದು, ತಗಡಿನ ಮಾಡಿನಿಂದ ಹಿಮ ಒಮ್ಮೆಲೇ ಜಾರಿ ಬೀಳುತ್ತದೆ. ದನವೋ ಹೇಸರಗತ್ತೆಯೋ ಎದುರಾದರೆ ಎಂಜಿನ್ ಆರಿಸಿ, ಅದು ದಾಟುವವರೆಗೆ ಸುಮ್ಮನೆ ಕೂತಿರಬೇಕು. ಸಾವಾದ ಮನೆಯ ಮುಂದೆ ಹೋಗಬಾರದು, ಹೊಲದ ಕಡೆಯಿಂದ ಸುತ್ತಿ ಹೋಗಬೇಕು. ಇದನ್ನು ಹೇಳಿದ ದಿನ ಅವರು, "ನಮ್ಮೂರಲ್ಲೂ ಹೀಗೊಂದು ಬೋರ್ಡ್ ಹಾಕ್ಬೇಕು ನೋಡು" ಎಂದರು. ಆರನೆಯದು ಶಾಲೆ ಬಿಡುವ ಹೊತ್ತಿಗೆ ಗಾಡಿ ಹೊರಡಿಸಬಾರದು ಎನ್ನುವುದು.

ನಾನೂ ಹುಚ್ಚಿ. ಮುನಿರ್ಕಾದ ಗಲ್ಲಿಗಳಲ್ಲಿ ನನ್ನ ಹಳೆಯ ಸ್ಕೂಟಿಯನ್ನು ಅದೇ ನಿಯಮದ ಪ್ರಕಾರ ಓಡಿಸತೊಡಗಿದೆ. ಒಂದು ದಿನ ಗಲ್ಲಿಯ ನಡುವೆ ದನವೊಂದು ಎದುರಾಯಿತು. ಎಂಜಿನ್ ಆರಿಸಿ ಕೂತೆ. ಅದು ಬಾಗಿಲೊಂದರ ಮುಂದೆ ಹಾಕಿದ್ದ ಬಟಾಣಿ ಸಿಪ್ಪೆಯನ್ನು ಒಂದೂ ಬಿಡದೆ ತಿನ್ನುವವರೆಗೆ ಕೂತೆ. ಹಿಂದೆ ಸಾಲುಗಟ್ಟಿದವರೆಲ್ಲ ಹಾರ್ನ್ ಹೊಡೆದು, "ಚಲೋ ಮೇಡಂ, ಚಲೋ!" ಎಂದು ಬೊಬ್ಬೆ ಹಾಕಿದರು. ತರಕಾರಿ ಗಾಡಿಯ ಭಯ್ಯಾ ಬಂದು ಸ್ಕೂಟಿ ಕೆಟ್ಟಿತೇ ಎಂದು ವಿಚಾರಿಸಿದ. ಆ ಭಾನುವಾರ ಇದನ್ನು ಹೇಳಿದಾಗ ಅವರು ನಕ್ಕ ನಗು ಇದೆಯಲ್ಲ, ಅಂಗಡಿಯವನೂ ಹೊರಗೆ ಬಂದು ಏನಾಯಿತೆಂದು ಕೇಳಿದ್ದು ನನಗೆ ಫೋನಿನಲ್ಲೇ ಕೇಳಿಸಿತು. ತಾರಸಿಯಲ್ಲಿ ಬಿಸಿಲಿಗೆ ಮೈ ಕಾಯಿಸುತ್ತಾ ಕಡಲೆಕಾಯಿ ಬಿಡಿಸುತ್ತಿದ್ದ ಹೆಂಗಸರು ನನ್ನ ಮುಖ ನೋಡಿ ತಮ್ಮತಮ್ಮಲ್ಲೇ ನಕ್ಕರು. ನನಗೆ ಆಗ ಮೂವತ್ತೈದು. ಮದುವೆಯಾದ ಹೊಸತರಲ್ಲೂ ನನ್ನ ಕೆನ್ನೆ ಹಾಗೆ ಬಿಸಿಯಾದ ನೆನಪಿಲ್ಲ.

ಏಳನೆಯದನ್ನು ಓದಬೇಕಾಗಿದ್ದ ಭಾನುವಾರ ಫೋನ್ ಬರಲಿಲ್ಲ. ಮಧ್ಯಾಹ್ನದವರೆಗೆ ಟ್ಯಾಂಕಿನ ಬಳಿ ನಿಂತೆ. ಮುಂದಿನ ವಾರವೂ ಇಲ್ಲ, ಅದರ ಮುಂದಿನ ವಾರವೂ ಇಲ್ಲ. ಹಿಮ ಜಾಸ್ತಿ, ಎಲ್ಲರೂ ಕ್ಷೇಮ ಎಂದು ಇನ್ನೊಬ್ಬ ಫೌಜಿಯ ಹೆಂಡತಿಯಿಂದ ಸುದ್ದಿ ಬಂತು. ನಾಲ್ಕನೆಯ ಭಾನುವಾರ ಫೋನ್ ಬಂದಾಗ ನಾನು ಮೊದಲು ಅತ್ತೆ, ಆಮೇಲೆ ಕೇಳಿದೆ, "ಏಳನೇದು ಏನು?"

"ಬೋರ್ಡ್ ಹಿಮದಲ್ಲಿ ಮುಚ್ಚಿಹೋಗಿದೆ. ಕಾಣೋದಿಲ್ಲ."

ಅಲ್ಲಿಂದ ಮುಂದೆ ಮತ್ತೆ ಅದೇ ಊಟ ಆಯಿತಾ, ಚಳಿ ಇದೆಯಾ. ಹಿಮ ಕರಗಿದ ಮೇಲೆ ಕೆಳಗೆ ಬಂದರು. ಒಂದೆರಡು ಕಡೆ ಪೋಸ್ಟಿಂಗ್ ಆಗಿ ನಿವೃತ್ತರಾದರು. ಈಗ ದೆಹಲಿ ಪಕ್ಕದ ಇಂದಿರಾಪುರಂನಲ್ಲಿ ನಾವಿರುವ ಫ್ಲ್ಯಾಟುಗಳ ಸೊಸೈಟಿಗೇ ಸೆಕ್ಯುರಿಟಿಯ ಮೇಲ್ವಿಚಾರಕರು. ಮಗಳು ಕಾಲೇಜಿಗೆ ಹೋಗುತ್ತಾಳೆ. ಯಾವ ಕೊರತೆಯೂ ಇಲ್ಲ, ಅವರ ಬಾಯಿಗೆ ಬಿದ್ದ ಬೀಗವೊಂದನ್ನು ಬಿಟ್ಟರೆ. ನಾನು ಏಳನೆಯ ನಿಯಮವನ್ನು ಮತ್ತೆ ಕೇಳಲಿಲ್ಲ. ತಾನಾಗಿ ಹೇಳಲಿ ಎಂಬ ಹಟ. ಆ ರಫ್ ಪುಸ್ತಕ ನನ್ನ ಸೀರೆಗಳ ಅಡಿಯಲ್ಲಿದೆ, ಏಳರ ಮುಂದೆ ಏನೂ ಬರೆದಿಲ್ಲ. ನನಗೆ ಬೇಕಾಗಿದ್ದದ್ದು ನಿಯಮವಲ್ಲ, ಆ ದನಿ. ತಗಡಿನ ಬೋರ್ಡಿನ ಮುಂದೆ ನಿಂತು ನನಗಾಗಿ ಹಿಂದಿಯನ್ನು ಕನ್ನಡ ಮಾಡುತ್ತಿದ್ದ ಆ ಮನುಷ್ಯ ನನಗೆ ವಾಪಸು ಬೇಕಿತ್ತು.

ಇನ್ನೊಂದು ಸಿಟ್ಟೂ ಇತ್ತು ನನಗೆ. ಭಾನುವಾರ ಇಬ್ಬರೂ ತರಕಾರಿಗೆ ನಡೆದೇ ಹೋಗುತ್ತೇವೆ. ನನಗೆ ಮಂಡಿನೋವು, ಅವರದು ಫೌಜಿ ಹೆಜ್ಜೆ. ಅವರು ಮುಂದೆ ಹೋಗಿ ಪ್ರತಿ ತಿರುವಿನಲ್ಲೂ ನಿಲ್ಲುತ್ತಾರೆ. ನಿಂತವರು ನಾನು ಹತ್ತಿರ ಬರುವವರೆಗೆ ನಿಲ್ಲಬಾರದೇ? ಇಲ್ಲ. ನನ್ನ ಮುಖ ಕಂಡಿತೋ ಇಲ್ಲವೋ, ತಿರುಗಿ ಹೊರಟೇಬಿಡುತ್ತಾರೆ. ನನ್ನ ಜೊತೆ ನಡೆಯುವುದೂ ಬೇಡವಾಯಿತೇ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಈ ಚಳಿಗಾಲದಲ್ಲಿ ನಮ್ಮ ಸೊಸೈಟಿಯ ಬೇಸ್‌ಮೆಂಟಿನಿಂದ ಭರ್‍ರೆಂದು ಮೇಲೇರಿದ ಸ್ಕೂಟರೊಂದು ವಾಕಿಂಗ್ ಹೊರಟಿದ್ದ ಅಜ್ಜಿಯೊಬ್ಬರಿಗೆ ತಾಗಿ ಅವರ ಕೈ ಮುರಿಯಿತು. ಒಳಗಿನ ರಸ್ತೆಯಲ್ಲಿ ಗಾಡಿ ಓಡಿಸುವುದಕ್ಕೆ ನಿಯಮ ಬರೆದುಕೊಡಿ ಎಂದು ಕಮಿಟಿಯವರು ಇವರಿಗೆ ಹೇಳಿದರು. ಎರಡು ದಿನ ಕೂತು ಹಿಂದಿಯಲ್ಲಿ ಬರೆದರು. ಟೈಪ್ ಮಾಡಲು ಮಗಳ ಕೈಗೆ ಕೊಟ್ಟರು. ಶನಿವಾರ ಸಂಜೆ ನಾನು ಅಕ್ಕಿ ತೊಳೆಯುತ್ತಿದ್ದಾಗ ಅವಳು ಲ್ಯಾಪ್‌ಟಾಪ್ ಮುಂದೆ ಕೂತು ನಗತೊಡಗಿದಳು.

"ಅಮ್ಮಾ, ಸುನೋ ನಾ! ಬಾಲ್ಕನಿ ಕೆಳಗೆ ಗಾಡಿ ನಿಲ್ಲಿಸಬಾರ್ದು. ಓಕೆ, ಹೂಕುಂಡ ಬೀಳ್ಬಹುದು. ದನ ಎದುರು ಬಂದ್ರೆ ಎಂಜಿನ್ ಬಂದ್ ಮಾಡ್ಬೇಕು. ಪಪ್ಪಾ, ನಮ್ಮ ಸೊಸೈಟಿಗೆ ದನ ಕಹಾಂ ಸೇ ಬರ್ತದೆ? ಲಿಫ್ಟಲ್ಲಾ?"

ನನ್ನ ಕೈ ಅಕ್ಕಿಯಲ್ಲೇ ನಿಂತಿತು. ಅವಳು ಓದಿದ ಒಂದೊಂದನ್ನೂ ನಾನು ತಾರಸಿಯಲ್ಲಿ ನಿಂತು ಕೇಳಿದ್ದೆ. ಲೈಟ್, ಕೆಂಪು ಬಟ್ಟೆ, ಸಾವಾದ ಮನೆ, ಶಾಲೆಯ ಬಸ್ಸು ಬರುವ ಹೊತ್ತು. ಆರು ಮುಗಿಯಿತು.

"ಇನ್ನೊಂದಿದೆ. ಇದನ್ನ ಪಪ್ಪಾನೇ ಗೀಟೆಳೆದು ಕಾಟ್ ಮಾಡಿದ್ದಾರೆ. ಇಬ್ಬರು ಒಟ್ಟಿಗೆ ಹೊರಟರೆ ಮುಂದಿನವನು ಪ್ರತಿ ತಿರುವಿನಲ್ಲಿ ನಿಲ್ಲಬೇಕು. ಹಿಂದಿನವನು ಕಣ್ಣಿಗೆ ಕಂಡ ಮೇಲೇ ಹೊರಡಬೇಕು. ಯೇ ಕ್ಯಾ ಹೈ, ಪಪ್ಪಾ?"

"ಅದು ಬೇಡ. ಇಲ್ಲಿಗೆ ಅದು ಬೇಕಾಗಿಲ್ಲ" ಎಂದು ಅವರು ಚಪ್ಪಲಿ ಮೆಟ್ಟಿಕೊಂಡು ಗೇಟಿನ ಕಡೆ ಹೊರಟುಹೋದರು.

ನಾನು ಅಡುಗೆಕಟ್ಟೆಗೆ ಒರಗಿ ನಿಂತೆ. ಇಷ್ಟು ವರ್ಷ, ಎಷ್ಟು ತಿರುವು, ಎಷ್ಟು ಸಲ ಸಿಟ್ಟಾಗಿದ್ದೇನೆ. ಏಳನೆಯ ನಿಯಮವನ್ನು ಬಾಯಲ್ಲಿ ಹೇಳದೆ ಪ್ರತಿ ಭಾನುವಾರವೂ ರಸ್ತೆಯಲ್ಲಿ ನಿಂತು ಪಾಲಿಸುತ್ತಿದ್ದರು. ನನಗೆ ಕಂಡಿರಲಿಲ್ಲ.

ಮರುದಿನ ತರಕಾರಿಗೆ ಹೊರಟಾಗ ಗೇಟು ದಾಟುವ ಮೊದಲೇ ಕೇಳಿಬಿಟ್ಟೆ, "ಅದನ್ನ ಯಾಕೆ ನನಗೆ ಹೇಳ್ಲಿಲ್ಲ? ಬೋರ್ಡ್ ಮುಚ್ಚಿದ್ರೇನು, ನಿಮಗೆ ಬಾಯಿಪಾಠ ಇತ್ತಲ್ಲ?"

ಅವರು ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು. ಆಮೇಲೆ ನನ್ನ ಮುಖ ನೋಡದೆ ಹೇಳಿದರು.

"ಆವತ್ತು ಎರಡು ಸ್ಕೂಟರ್. ಹಿಂದೆ ಒಬ್ಬ ಹೊಸಬ, ಹಿಮ ನೋಡಿ ಒಂದು ತಿಂಗಳಾಗಿತ್ತು ಅಷ್ಟೇ. ಊರು ಸಿಗೋ ಮೊದಲಿನ ತಿರುವಲ್ಲಿ ನಾನು ನಿಲ್ಲಲಿಲ್ಲ."

"ಯಾಕೆ?"

"ಭಾನುವಾರ ಅಲ್ವಾ. ಹನ್ನೊಂದಾಗ್ತಿತ್ತು. ನೀನು ಟ್ಯಾಂಕಿನ ಹತ್ತಿರ ನಿಂತಿರ್ತಿ ಅಂತ."

ರಸ್ತೆಯಲ್ಲಿ ಇ-ರಿಕ್ಷಾಗಳು ಹೋಗುತ್ತಲೇ ಇದ್ದವು. ಹೊಸಬನ ಗಾಡಿ ಮಗುಚಿ ಅವನು ಕೆಳಗಿನ ಹಿಮದಲ್ಲಿ ಸಿಕ್ಕಿಬಿದ್ದಿದ್ದನಂತೆ. ಅಂಗಡಿಯ ಮುಂದೆ ಫೋನ್ ಕೈಗೆತ್ತಿಕೊಂಡು ಹಿಂದೆ ತಿರುಗಿದಾಗಲೇ ಇವರಿಗೆ ಗೊತ್ತಾದದ್ದು. ಹುಡುಕಿ ಎತ್ತುವಷ್ಟರಲ್ಲಿ ತಡವಾಗಿತ್ತು. ಜೀವ ಉಳಿಯಿತು, ಹಿಮಕ್ಕೆ ಸೆಟೆದುಹೋದ ಎಡಗಾಲಿನ ಬೆರಳುಗಳು ಉಳಿಯಲಿಲ್ಲ.

"ದೀಪಾವಳಿಗೆ ಅವನೇ ಫೋನ್ ಮಾಡ್ತಾನೆ. ಉಸ್ತಾದ್, ಉಸ್ತಾದ್ ಅಂತ ನಗ್ತಾನೆ. ನನಗೆ ಮಾತೇ ಹೊರಡೋದಿಲ್ಲ. ನಿನಗೆ ಆ ನಿಯಮ ಓದಿ ಹೇಳೋದು ಹೇಗೆ ಮಾರಾಯ್ತಿ? ಕೇಳಿದ್ರೆ ನೀನು ಎಲ್ಲಾ ನಿನ್ನಿಂದಲೇ ಆಯ್ತು ಅಂದ್ಕೊಳ್ತಿದ್ದಿ."

ನಿಜ, ಹಾಗೆಯೇ ಅಂದುಕೊಳ್ಳುತ್ತಿದ್ದೆ. ಆ ಕ್ಷಣವೂ ಹಾಗೆಯೇ ಅನ್ನಿಸಿತು. ನಾನು ಹಂಬಲಿಸುತ್ತಿದ್ದ ಆ ಹನ್ನೊಂದು ಗಂಟೆಯನ್ನು ಅವರು ಇಷ್ಟು ವರ್ಷ ಒಬ್ಬರೇ ಹೊತ್ತುಕೊಂಡು ತಿರುಗಿದ್ದರು. ಅವರು ಚೀಲ ಹಿಡಿದು ಮುಂದೆ ನಡೆದರು.

ತರಕಾರಿ ಗಾಡಿಗಳ ರಸ್ತೆಗೆ ಹೊರಳುವ ತಿರುವಿನಲ್ಲಿ ಎಂದಿನಂತೆ ನಿಂತರು. ನಾನು ಮೂಲೆಯ ಗೋಡೆಯ ಮರೆಯಿಂದ ಕಾಣಿಸಿಕೊಂಡೆ. ಅವರು ತಿರುಗಿ ಹೊರಡುವಷ್ಟರಲ್ಲಿ ನಾನು ಇದ್ದಲ್ಲೇ ನಿಂತು ಪರ್ಸಿನಿಂದ ಫೋನ್ ತೆಗೆದು ಅವರಿಗೆ ಕರೆ ಮಾಡಿದೆ. ಅವರು ಜೇಬು ತಡಕಿ, ಹೆಸರು ನೋಡಿ, ಗಾಬರಿಯಿಂದ ಕಿವಿಗಿಟ್ಟುಕೊಂಡರು.

"ಏನಾಯ್ತು? ಮಂಡಿ ನೋವಾ?"

"ಇಲ್ಲ. ಎದುರಿಗೆ ಏನು ಕಾಣ್ತದೆ, ಅದನ್ನಾದ್ರೂ ಹೇಳಿ."

ಇಪ್ಪತ್ತು ಹೆಜ್ಜೆ ಆಚೆ ಅವರ ತುಟಿ ಅಲುಗಿದ್ದು ಕಂಡಿತು. ದನಿ ಕಿವಿಗೆ ಬರಲು ಸ್ವಲ್ಪ ಹೊತ್ತು ಹಿಡಿಯಿತು.

"ನೀನು ಕಾಣ್ತಿದ್ದಿ. ಬಾ, ನಿಂತಿದ್ದೇನೆ."

ನಾನು ಫೋನನ್ನು ಕಿವಿಯಿಂದ ಇಳಿಸದೆ, ಮಂಡಿ ಹೇಳಿದಷ್ಟೇ ನಿಧಾನವಾಗಿ ನಡೆದೆ. ನಾನು ಹತ್ತಿರ ಬಂದು ಚೀಲದ ಒಂದು ಹಿಡಿ ಹಿಡಿದುಕೊಳ್ಳುವವರೆಗೂ ಅವರು ಅಲ್ಲಿಂದ ಕದಲಲಿಲ್ಲ.