ಕೋಟೆಯ ಮನೆಗೆ ಸುಣ್ಣ ಬಳಿದ ಬೇಸಿಗೆ

ಶಿವಮೊಗ್ಗದ ಕೋಟೆಯಲ್ಲಿದ್ದ ನಮ್ಮ ಮನೆಯನ್ನು ಮಾರಬೇಕೆಂದು ಅಮ್ಮ ತೀರ್ಮಾನಿಸಿದಾಗ ನಾನು ಆಗಷ್ಟೇ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದು ಮುಗಿಸಿದ್ದೆ. ಐವತ್ತರ ದಶಕದ ಕೊನೆಯ ಒಂದು ಬೇಸಿಗೆ ಅದು. ಪಾಠಶಾಲೆಯಲ್ಲಿ ಸಂಸ್ಕೃತ ಹೇಳಿಕೊಡುತ್ತಿದ್ದ ಅಪ್ಪ ತೀರಿಕೊಂಡು ಮೂರು ವರ್ಷವಾಗಿತ್ತು. ಅವರು ಹೋದ ಮೇಲೆ ಅಮ್ಮ, ನಲವತ್ತರ ಹತ್ತಿರದ ವಯಸ್ಸಿನಲ್ಲಿ, ಹುಡುಗಿಯರ ಜೊತೆ ಬೆಂಚಿನ ಮೇಲೆ ಕೂತು ಟೀಚರ್ ಟ್ರೈನಿಂಗ್ ಮುಗಿಸಿದಳು. ಭದ್ರಾವತಿಯ ಒಂದು ಪ್ರೈಮರಿ ಶಾಲೆಯಲ್ಲಿ ಕೆಲಸ ಸಿಕ್ಕಿತು. ದಿನವೂ ಬೆಳಗಿನ ರೈಲಿಗೆ ಹೋಗುತ್ತಿದ್ದಳು, ಸಂಜೆಯ ರೈಲಿಗೆ ಬರುತ್ತಿದ್ದಳು. ಇಂಜಿನ್ನಿನ ಕಿಡಿ ಬಿದ್ದು ಅವಳ ಎರಡೂ ಒಳ್ಳೆಯ ಸೀರೆಗಳಲ್ಲಿ ಎಳ್ಳುಕಾಳಿನಷ್ಟು ತೂತುಗಳಾಗಿದ್ದವು.

ಭದ್ರಾವತಿಯಲ್ಲಿ ಅವಳ ಶಾಲೆಯ ಹತ್ತಿರವೇ ಒಂದು ಸಣ್ಣ ಮನೆ ಮಾರಾಟಕ್ಕಿತ್ತು. ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದು ನಿವೃತ್ತರಾದ ತಮಿಳರೊಬ್ಬರದು. ಅವರು ತಮ್ಮ ಊರಿಗೆ ಹೊರಟಿದ್ದರು. "ಟೀಚರಮ್ಮಾ, ನಿಮಗೋಸ್ಕರ ಒಂದು ತಿಂಗ್ಳು ಕಾಯ್ತೀನಿ. ಆಮೇಲೆ ಯಾರು ಕೇಳ್ತಾರೋ ಅವ್ರಿಗೆ ಕೊಟ್ಟು ಹೊರಟುಬಿಡ್ತೀನಿ" ಎಂದಿದ್ದರು. ಆ ಮನೆ ಕೊಳ್ಳಬೇಕಾದರೆ ನಮ್ಮ ಮನೆ ಬೇಗನೆ ಹೋಗಬೇಕಿತ್ತು, ಒಳ್ಳೆಯ ಬೆಲೆಗೂ ಹೋಗಬೇಕಿತ್ತು. ಎರಡರಲ್ಲಿ ಒಂದು ತಪ್ಪಿದರೂ ಕೆಲಸ ಕೆಡುತ್ತಿತ್ತು.

ನಮ್ಮದು ಉದ್ದನೆಯ ಹೆಂಚಿನ ಮನೆ. ಎರಡೂ ಪಕ್ಕದ ಗೋಡೆ ನೆರೆಯ ಮನೆಗಳಿಗೆ ಅಂಟಿಕೊಂಡಿದ್ದರಿಂದ ಕಿಟಕಿಗೆ ಜಾಗವೇ ಇರಲಿಲ್ಲ. ಮುಂದೆ ಜಗಲಿ, ಹಿಂದೆ ಒಂದು ಕೋಣೆ, ಅದರಾಚೆ ಬಾವಿಯಂಗಳ, ನಡುವೆ ನಡುಮನೆ ಮತ್ತು ಅಡುಗೆಮನೆ. ಆ ನಡುವಿನ ಭಾಗದಲ್ಲಿ ಹಗಲು ಹೊತ್ತಿನಲ್ಲೂ ನಾವು ಕೈಯಿಂದ ತಡವಿಕೊಂಡೇ ಓಡಾಡುತ್ತಿದ್ದೆವು. ಅಭ್ಯಾಸವಾಗಿ ಹೋಗಿತ್ತು. ಮನೆ ಕತ್ತಲೆಯಾಗಿದೆ ಎಂಬುದು ನಮಗೆ ಗೊತ್ತೇ ಇರಲಿಲ್ಲ.

ಗೊತ್ತು ಮಾಡಿಸಿದವರು ಮೊದಲು ನೋಡಲು ಬಂದ ನಿವೃತ್ತ ಶಿರಸ್ತೇದಾರರು. ದಲ್ಲಾಳಿಯ ಹಿಂದೆ ನಡುಮನೆಗೆ ಬಂದವರು ಹೊಸಿಲು ಎಡವಿದರು. ಜೇಬಿನಿಂದ ಕರವಸ್ತ್ರ ತೆಗೆದು ಮೂಗಿಗೆ ಹಿಡಿದರು. "ಏನ್ರೀ ಇದು, ಹಗಲಲ್ಲೇ ಲಾಟೀನು ಹಚ್ಕೊಂಡು ಸಂಸಾರ ಮಾಡ್ಬೇಕಾ?" ಎಂದು ನಗುತ್ತಾ ಹಾಗೇ ಹಿಂದಿರುಗಿದರು. ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ ನನಗೆ ಅಳು ಬಂತು. ದಲ್ಲಾಳಿ ಅಮ್ಮನ ಹತ್ತಿರ, "ಇಷ್ಟು ರೇಟು ಆಗಲ್ಲ ತಾಯಿ, ಅರ್ಧಕ್ಕೆ ಇಳೀರಿ" ಎಂದು ಹೇಳಿ ಹೋದ.

ಪಕ್ಕದ ಮನೆಯ ಮುಸ್ಲಿಂ ಹೆಂಗಸು, ನಾವೆಲ್ಲ ಖಾಲಾ (ಚಿಕ್ಕಮ್ಮ) ಎಂದು ಕರೆಯುತ್ತಿದ್ದವರು, ತಮ್ಮ ಜಗಲಿಯಲ್ಲಿ ಕೂತು ಇದನ್ನೆಲ್ಲ ಕೇಳಿಸಿಕೊಂಡಿದ್ದರು. ಅವರ ಗಂಡ ಲಾರಿಗಳಿಗೆ ಬಣ್ಣ ಹೊಡೆಯುವ ಪೇಂಟರ್. ಖಾಲಾ ನಮ್ಮ ಜಗಲಿಯ ಮೆಟ್ಟಿಲವರೆಗೆ ಬಂದು ಅಮ್ಮನನ್ನು ಕರೆದರು.

"ಅಮ್ಮಾ, ಬೇಜಾರ್ ಮಾಡ್ಕೋಬೇಡಿ. ಲಾರಿ ಮಾರೋರು ಏನ್ ಮಾಡ್ತಾರೆ? ಹಂಗೇ ತಗೊಂಡೋಗಿ ನಿಲ್ಸ್ತಾರಾ? ತೊಳೀತಾರೆ, ಪಾಲಿಶ್ ಹೊಡೀತಾರೆ, ಸೀಟಿಗೆ ಹೊಸ ಬಟ್ಟೆ ಹಾಕ್ತಾರೆ. ನಿಮ್ ಮನೆ ಒಳ್ಳೇ ಮನೆ. ಮುಖ ತೊಳ್ದಿಲ್ಲ, ಅಷ್ಟೇ."

ಮರುದಿನ ಬೆಳಿಗ್ಗೆಯೇ ಕೆಲಸ ಶುರುವಾಯಿತು. ಶಾಲೆಗೆ ಬೇಸಿಗೆ ರಜೆಯಿದ್ದದ್ದು ಅನುಕೂಲವಾಯಿತು. ಖಾಲಾ ಹೇಳುವುದು, ಅಮ್ಮ, ನಾನು, ಹತ್ತು ವರ್ಷದ ನನ್ನ ತಂಗಿ ಮಾಡುವುದು. ಆದರೆ ಖಾಲಾ ಒಳಗೆ ಬರುವಂತಿರಲಿಲ್ಲ. ಅಪ್ಪನ ತಾಯಿ, ನಮ್ಮ ಅಜ್ಜಿ, ಇನ್ನೂ ಮಡಿ ಬಿಟ್ಟಿರಲಿಲ್ಲ. ಎಷ್ಟೋ ವರ್ಷದಿಂದ ಖಾಲಾ ಮತ್ತು ಅಜ್ಜಿ ಜಗಲಿಯ ಆಚೆ ಈಚೆ ಕೂತು ಮಾತಾಡುತ್ತಿದ್ದರೇ ಹೊರತು ಇಬ್ಬರಲ್ಲಿ ಯಾರೂ ಹೊಸಿಲು ದಾಟಿರಲಿಲ್ಲ. ಹಾಗಾಗಿ ಖಾಲಾ ಬಾಗಿಲಲ್ಲೇ ನಿಂತು ಕೂಗುತ್ತಿದ್ದರು: "ಆ ಮೂಲೇಲಿ ಏನದು ಗಂಟು? ತೆಗೀರಿ! ಅಟ್ಟದ ಮೇಲಿನ ಹರಕು ಚಾಪೆ ಯಾರಿಗೆ ಇಟ್ಟಿದೀರಾ? ತೆಗೀರಿ!"

ಅಟ್ಟದಿಂದ ಇಳಿದ ಸಾಮಾನು ನೋಡಿ ನಮಗೇ ನಾಚಿಕೆಯಾಯಿತು. ಒಡೆದ ಮೊರ, ಹಿಡಿಯಿಲ್ಲದ ಕೊಡೆ, ಮೂರು ಕಾಲಿನ ತೊಟ್ಟಿಲು, ಯಾವ ಬೀಗಕ್ಕೂ ಹೊಂದದ ಒಂದು ಗೊಂಚಲು ಬೀಗದ ಕೈ. ಅಡುಗೆಮನೆಯ ಗೋಡೆಯ ಮಸಿಯನ್ನು ಹುಣಸೆಹಣ್ಣಿನ ನೀರಿನಿಂದ ಉಜ್ಜಿದೆವು. ಕೆಂಪು ಗಾರೆಯ ನೆಲವನ್ನು ತೆಂಗಿನ ನಾರಿನಿಂದ ತಿಕ್ಕಿ, ಕೊಬ್ಬರಿ ಎಣ್ಣೆ ಸವರಿ, ಹಳೆಯ ಪಂಚೆಯಿಂದ ಒರೆಸಿದೆವು. ನನ್ನ ಮೊಣಕಾಲಿನ ಚರ್ಮ ಸುಲಿದು ಹೋಯಿತು. ತಂಗಿ ಮಾತ್ರ ನೆಲದಲ್ಲಿ ತನ್ನ ಮುಖ ಕಾಣುತ್ತದೆಂದು ದಿನವಿಡೀ ಬಗ್ಗಿ ಬಗ್ಗಿ ನೋಡುತ್ತಿದ್ದಳು.

ಜಗಲಿಯ ಗೋಡೆಯ ಹತ್ತಿರ ಬಂದಾಗ ಅಮ್ಮ ಸುಮ್ಮನೆ ನಿಂತುಬಿಟ್ಟಳು. ಅಪ್ಪ ಸಂಜೆ ಮನೆಗೆ ಬರುತ್ತಿದ್ದ ವಿದ್ಯಾರ್ಥಿಗಳಿಗೆ ಅಲ್ಲೇ ಪಾಠ ಮಾಡುತ್ತಿದ್ದರು. ಬೋರ್ಡು ಇರಲಿಲ್ಲ, ಇದ್ದಿಲಿನಿಂದ ಗೋಡೆಯ ಮೇಲೇ ಬರೆಯುತ್ತಿದ್ದರು. 'ವನಂ ವನೇ ವನಾನಿ' ಎಂದು ಕೊನೆಯ ಸಲ ಬರೆದ ಶಬ್ದರೂಪ ಹಾಗೇ ಉಳಿದಿತ್ತು. ಮೂರು ವರ್ಷ ನಾವು ಯಾರೂ ಅಲ್ಲಿ ಪೊರಕೆಯನ್ನೂ ಆಡಿಸಿರಲಿಲ್ಲ.

"ಅಮ್ಮ, ಇದೊಂದು ಗೋಡೆ ಬಿಡೋಣ" ಎಂದೆ.

"ಬಂದೋರು ಮೊದಲು ನೋಡೋದೇ ಇದನ್ನ" ಎಂದಳು ಅಮ್ಮ. ಸುಣ್ಣದ ಕುಂಚವನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೇ ಬಳಿದಳು. ಒಣಗಿದ ಮೇಲೆ ಇದ್ದಿಲು ಮತ್ತೆ ಬೂದಿ ಬಣ್ಣದಲ್ಲಿ ಮೇಲೆದ್ದು ಬಂತು. ಇನ್ನೊಂದು ಕೈ ಬಳಿದಳು. ಆಗಲೂ 'ವನಾನಿ' ಮಸುಕಾಗಿ ಕಾಣುತ್ತಿತ್ತು. ಮೂರನೆಯ ಸಲ ಒದ್ದೆ ನಾರು ತೆಗೆದುಕೊಂಡು ಅಕ್ಷರ ಅಕ್ಷರವಾಗಿ ಉಜ್ಜಿದಳು. ಅವಳ ಕಣ್ಣಿನಿಂದ ನೀರು ಸುರಿಯುತ್ತಿತ್ತು. ಸುಣ್ಣ ಸಿಡಿಯಿತು ಎಂದಳು. ನಾನು ಹೌದೆಂದು ತಲೆಯಾಡಿಸಿದೆ. ಖಾಲಾ ತಮ್ಮ ಜಗಲಿಯಿಂದ ಎದ್ದು ಒಳಗೆ ಹೋದರು.

ಕತ್ತಲೆಗೆ ಉಪಾಯ ಹೇಳಿದ್ದು ಖಾಲಾ ಅವರ ಗಂಡ. ಹೆಂಚಿನ ನಡುವೆ ಗಾಜಿನ ಹೆಂಚು ಕೂರಿಸಿದರೆ ಸಾಕು ಎಂದು, ಗಾಂಧಿ ಬಜಾರಿನಿಂದ ತಾವೇ ನಾಲ್ಕು ಗಾಜಿನ ಹೆಂಚು ತಂದರು. ಆದರೆ ಅವನ್ನು ನಡುಮನೆಯ ಮೇಲೆ ಕೂರಿಸಬೇಕಾದರೆ ಅವರು ಅಡುಗೆಮನೆ, ದೇವರಗೂಡುಗಳ ಮಾಡಿನ ಮೇಲೆ ಓಡಾಡಬೇಕಿತ್ತು. ಅಮ್ಮ ಹೆದರುತ್ತಾ ಅಜ್ಜಿಯನ್ನು ಕೇಳಿದಳು. ಅಜ್ಜಿ, "ಹೊಸಿಲು ದಾಟೋದಿಲ್ಲ ತಾನೆ? ಮೇಲಿಂದ್ಲೇ ಬಂದು ಹೋದ್ರೆ ಅದೇನು ಮೈಲಿಗೆ" ಎಂದರು.

ಅಜ್ಜಿಗೆ ಆಗ ಎಪ್ಪತ್ತು ದಾಟಿತ್ತು. ಕಣ್ಣು ಹೋಯಿತೆಂದು ಅವರೂ ನಾವೂ ಒಪ್ಪಿಕೊಂಡುಬಿಟ್ಟಿದ್ದೆವು. ನಡುಮನೆಯ ಕಂಬಕ್ಕೆ ಒರಗಿ ಜಪಮಣಿ ಎಣಿಸುತ್ತಾ ಕೂರುವುದೇ ಅವರ ದಿನಚರಿ. ಪೇಂಟರ್ ಮಾಡಿನ ಮೇಲೆ ನಿಂತು ಹಳೆಯ ಹೆಂಚು ಎತ್ತಿ ಗಾಜಿನದನ್ನು ಇಟ್ಟಾಗ, ಅಗಲವಾದ ಬೆಳಕು ನೇರ ಅಜ್ಜಿಯ ಮಡಿಲಿಗೆ ಬಿತ್ತು. ಅಜ್ಜಿ ಕೈಯನ್ನು ಅಂಗಾತ ಮಾಡಿ ನೋಡಿಕೊಂಡರು, ಮತ್ತೆ ಮಗುಚಿ ನೋಡಿಕೊಂಡರು.

"ನನ್ನ ಕೈಗೆ ಇಷ್ಟು ಸುಕ್ಕು ಯಾವಾಗ ಬಂತೇ?" ಎಂದು ನನ್ನನ್ನು ಕೇಳಿದರು. ಆಮೇಲೆ, "ಒಂದು ಮೊರದಲ್ಲಿ ಅಕ್ಕಿ ತಗೊಂಡ್ಬಾ" ಎಂದರು.

ನಾನು ತಂದುಕೊಟ್ಟೆ. ಅಜ್ಜಿ ಒಂದೊಂದೇ ಕಲ್ಲು ಆರಿಸಿ ತೆಗೆದರು. ಅವರ ಕಣ್ಣಿಗೆ ಅಷ್ಟೇನೂ ಆಗಿರಲಿಲ್ಲ, ಮನೆಯಲ್ಲಿ ಬೆಳಕಿರಲಿಲ್ಲ ಅಷ್ಟೆ. ಖಾಲಾ ಬಾಗಿಲಿನಿಂದಲೇ, "ಬೆಳಕು ಸಾಕಾ ಅಜ್ಜೀ? ಇನ್ನೊಂದು ಹಾಕಿಸ್ಲಾ?" ಎಂದು ಕೂಗಿದರು.

ಅಜ್ಜಿ ತಲೆಯೆತ್ತದೆ ಹೇಳಿದರು: "ಅಲ್ಲಿಂದ ಕೂಗಿದ್ರೆ ನಂಗೇನು ಗೊತ್ತಾಗತ್ತೆ ಮಾರಾಯ್ತಿ? ಒಳಗೆ ಬಂದು ನೀನೇ ನೋಡು."

ಅಮ್ಮನ ಕೈಯಲ್ಲಿದ್ದ ತಂಬಿಗೆ ಹಾಗೇ ನಿಂತಿತು. ಖಾಲಾ ಚಪ್ಪಲಿ ಬಿಟ್ಟು, ಸೆರಗು ತಲೆಯ ಮೇಲೆ ಎಳೆದುಕೊಂಡು, ಒಂದು ಹೆಜ್ಜೆ ಇಟ್ಟು ನಿಂತರು. ಆಮೇಲೆ ಬಂದು ಅಜ್ಜಿಯ ಎದುರು ಕೂತು, ಮೊರದ ಇನ್ನೊಂದು ಅಂಚಿನಿಂದ ತಾವೂ ಕಲ್ಲು ಆರಿಸತೊಡಗಿದರು. ಇಬ್ಬರೂ ಸೇರಿ, ಅಕ್ಕಿ ಈ ಸಲ ಯಾವ ಅಂಗಡಿಯದು, ಇಷ್ಟು ಕಲ್ಲು ಯಾಕಿದೆ ಎಂದು ಬೈದುಕೊಂಡರು.

ಆ ನಂತರದ ಎಂಟು ಹತ್ತು ದಿನಗಳನ್ನು ನಾನು ಮರೆತಿಲ್ಲ. ಗೋಡೆಗೆ ನೀಲಿ ಬೆರೆಸಿದ ಸುಣ್ಣ. ಮುಂಬಾಗಿಲಿಗೆ ಯಾವುದೋ ಲಾರಿಗೆ ಹೊಡೆದು ಉಳಿದಿದ್ದ ಹಸಿರು ಬಣ್ಣ. ನಡುಮನೆಯಲ್ಲಿ ಬಿಸಿಲಿನ ನಾಲ್ಕು ಚೌಕ ಬೆಳಿಗ್ಗೆ ಗೋಡೆಯ ಮೇಲಿರುತ್ತಿದ್ದವು, ಮಧ್ಯಾಹ್ನ ನೆಲಕ್ಕಿಳಿಯುತ್ತಿದ್ದವು. ತಂಗಿ ಅವುಗಳ ಜೊತೆ ತನ್ನ ಚಾಪೆಯನ್ನೂ ಸರಿಸುತ್ತಾ ಹೋಗುತ್ತಿದ್ದಳು. ಊಟಕ್ಕೆ ಕೂತಾಗ ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿತ್ತು. ಅಮ್ಮನ ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿದ್ದನ್ನು ನಾನು ನೋಡಿದ್ದು ಆಗಲೇ. ಒಂದು ದಿನ ಊಟದ ನಡುವೆ ತಂಗಿ ಕೇಳಿದಳು, "ಈಗ ಮನೆ ಚೆನ್ನಾಗಾಯ್ತಲ್ಲ, ಇನ್ನೂ ಯಾಕೆ ಮಾರ್ಬೇಕು?" ಅಮ್ಮ ಅವಳ ಎಲೆಗೆ ಇನ್ನಷ್ಟು ಅನ್ನ ಬಡಿಸಿದಳು. ಅಪ್ಪ ಇದ್ದಾಗಲೇ ಇದನ್ನು ಮಾಡಿಸಬಹುದಿತ್ತು ಎಂದು ಎಲ್ಲರ ಮನಸ್ಸಿನಲ್ಲೂ ಇತ್ತು.

ಉಳಿದದ್ದು ಒಂದೇ ತೊಂದರೆ. ಹಿಂದಿನ ಕೋಣೆಯ ಗೋಡೆಯಲ್ಲಿ ಮೇಲಿನಿಂದ ಕೆಳಗಿನವರೆಗೆ ಒಂದು ಬಿರುಕಿತ್ತು. ದಲ್ಲಾಳಿ ಬಂದು ಮನೆ ನೋಡಿ ಬೆರಗಾದ. ಬಿರುಕನ್ನು ನೋಡಿ, "ಆ ದೊಡ್ಡ ಬೀರು ಇಲ್ಲಿಗೆ ಸರಿಸಿ, ಮುಗೀತು" ಎಂದ. ನಾನೇ ಉತ್ಸಾಹದಿಂದ ತಂಗಿಯನ್ನು ಕರೆದುಕೊಂಡು, ಬೀರುವಿನ ಕಾಲಿಗೆ ಗೋಣಿಚೀಲ ಕೊಟ್ಟು ಎಳೆದು, ಬಿರುಕು ಕಾಣದಂತೆ ನಿಲ್ಲಿಸಿದೆ.

ಎರಡು ದಿನದ ಮೇಲೆ ಅಡಿಕೆ ಮಂಡಿಯಲ್ಲಿ ಗುಮಾಸ್ತರಾಗಿದ್ದವರೊಬ್ಬರು ಹೆಂಡತಿಯ ಜೊತೆ ಬಂದರು. ಹೊಸಮನೆ ಬಡಾವಣೆಯಲ್ಲಿ ಬಾಡಿಗೆಗಿದ್ದವರು. ಆ ಹೆಂಗಸು ನಡುಮನೆಯಲ್ಲಿ ನಿಂತು ಮೇಲೆ ನೋಡಿ, "ಎಷ್ಟು ಬೆಳಕಿದೆ ರೀ!" ಎಂದರು. ದಲ್ಲಾಳಿ, "ಮೊದಲಿಂದ್ಲೂ ಹಿಂಗೇ ತಾಯಿ, ಗಾಳಿ ಬೆಳಕಿನ ಮನೆ" ಎಂದ.

"ಎಲ್ಲಿ ಮೊದಲಿಂದ?" ಎಂದರು ಅಕ್ಕಿ ಆರಿಸುತ್ತಿದ್ದ ಅಜ್ಜಿ. "ಈ ಬೆಳಕು ಬಂದು ಹತ್ತು ದಿನ ಆಗ್ಲಿಲ್ಲ. ಐವತ್ತು ವರ್ಷ ನಾನು ಕತ್ತಲಲ್ಲೇ ಬೇಯ್ಸಿ ಹಾಕಿದೀನಿ."

ಆ ಹೆಂಗಸು ನಕ್ಕುಬಿಟ್ಟರು. ದಲ್ಲಾಳಿ ಬೆವರು ಒರೆಸಿಕೊಂಡ. ಎಲ್ಲ ನೋಡಿ ಮುಗಿದು, ಅಮ್ಮ ಹೇಳಿದ ಬೆಲೆಗೆ ಗುಮಾಸ್ತರು ಹೂಂ ಅನ್ನುವುದರಲ್ಲಿದ್ದರು. ಆಗ ಅಮ್ಮ, "ಒಂದು ನಿಮಿಷ. ಹಿಂದಿನ ಕೋಣೇಲಿ ಬೀರು ಹಿಂದೆ ಗೋಡೆ ಬಿರುಕು ಬಿಟ್ಟಿದೆ. ಅದನ್ನೂ ನೋಡ್ಕೊಂಡು ಹೇಳಿ" ಎಂದಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಗುಮಾಸ್ತರು ಬೀರು ಸರಿಸಿ ನೋಡಿದರು. ಬೆರಳು ತೂರಿಸಿ ನೋಡಿದರು. "ಯೋಚನೆ ಮಾಡಿ ಹೇಳ್ತೀವಿ" ಎಂದು ಹೊರಟುಹೋದರು.

ನಾನು ಅಮ್ಮನ ಮೇಲೆ ರೇಗಾಡಿದೆ. "ಯಾಕೆ ಹೇಳ್ದೆ? ಇನ್ನು ಭದ್ರಾವತಿ ಮನೆ ಕೈತಪ್ಪಿ ಹೋಯ್ತು!"

ಅಮ್ಮ ಸೌದೆ ಒಲೆಗೆ ತಳ್ಳುತ್ತಾ, "ಆ ಗೋಡೆ ಪಕ್ಕ ಆಕೆ ಮಕ್ಕಳನ್ನ ಮಲಗಿಸ್ತಾಳೆ ಕಣೆ" ಎಂದಳು. ಆದರೂ ನನ್ನ ಸಿಟ್ಟು ಇಳಿಯಲಿಲ್ಲ. ಎರಡು ದಿನ ಅಮ್ಮನ ಜೊತೆ ಮಾತು ಬಿಟ್ಟೆ.

ಮೂರನೆಯ ದಿನ ಗುಮಾಸ್ತ ದಂಪತಿಗಳು ಒಬ್ಬ ಗಾರೆಯವನನ್ನು ಕರೆದುಕೊಂಡು ಬಂದರು. ಅವನು ಗೋಡೆಯನ್ನು ಎರಡೂ ಕಡೆಯಿಂದ ತಟ್ಟಿ, ಹಿತ್ತಿಲಿನ ನುಗ್ಗೆಮರದ ಬೇರು ಅಗೆದು ತೋರಿಸಿ, "ಮರ ತೆಗೆದು ಸಂದಿಗೆ ಗಾರೆ ತುಂಬಿದ್ರೆ ಇನ್ನು ಐವತ್ತು ವರ್ಷಕ್ಕೆ ಚಿಂತೆಯಿಲ್ಲ" ಎಂದ. ಗಾರೆಯವನ ಕೂಲಿಯಷ್ಟನ್ನು ಬೆಲೆಯಲ್ಲಿ ಬಿಡಲು ಅಮ್ಮ ಒಪ್ಪಿದಳು. ಉಳಿದದ್ದು ಅವಳು ಕೇಳಿದಷ್ಟೇ ಬಂತು. ಹೊರಡುವಾಗ ಆ ಹೆಂಗಸು ಅಜ್ಜಿಯ ಪಕ್ಕ ಕೂತು ಮೆಲ್ಲಗೆ ಹೇಳಿದರು: "ನಮ್ಮತ್ತೆಗೂ ನಿಮ್ಮಷ್ಟೇ ವಯಸ್ಸು, ಕಣ್ಣು ಮಂಜು. ನೀವು ಅಕ್ಕಿ ಆರಿಸೋದು ನೋಡಿ ಅವತ್ತೇ ನಾನು ಇದೇ ಮನೆ ಅಂದ್ಕೊಂಡಿದ್ದೆ."

ಹೊರಟ ದಿನ ಪೇಂಟರ್ ತಮ್ಮ ಗುರುತಿನ ಲಾರಿ ತರಿಸಿದ್ದರು. ಸಾಮಾನು ಅರ್ಧ ಲಾರಿಯೂ ತುಂಬಲಿಲ್ಲ. ಅಜ್ಜಿಯನ್ನು ಡ್ರೈವರ್ ಪಕ್ಕ ಕೂರಿಸಿದೆವು. ಖಾಲಾ ಲಾರಿಯ ಮೆಟ್ಟಿಲ ಮೇಲೆ ನಿಂತು ಅಜ್ಜಿಯ ಕೈ ಹಿಡಿದುಕೊಂಡೇ ಇದ್ದರು. "ಮತ್ತೆ ಬರ್ತೀನಿ ಅನ್ನಿ ಅಜ್ಜೀ, ಹೋಗ್ತೀನಿ ಅನ್ಬೇಡಿ."

"ಬರ್ತೀನಿ" ಎಂದರು ಅಜ್ಜಿ. "ನೀನೂ ಬಾ. ಅಲ್ಲಿ ಬಂದು ಬಾಗಿಲಲ್ಲಿ ನಿಂತು ಕೂಗ್ಬೇಡ."

ಲಾರಿ ತುಂಗಾ ಸೇತುವೆ ದಾಟುವವರೆಗೂ ಅಜ್ಜಿ ಜಪಮಣಿ ಎಣಿಸುತ್ತಲೇ ಇದ್ದರು.

ಭದ್ರಾವತಿಗೆ ತಲುಪಿದಾಗ ಮಧ್ಯಾಹ್ನ. ಪಾತ್ರೆಗಳನ್ನು ಇಳಿಸುತ್ತಿದ್ದ ಹಾಗೇ ಕಾರ್ಖಾನೆಯ ಸೈರನ್ ಕೂಗಿತು. ತಂಗಿ ಬೆದರಿ ಕೈಯಲ್ಲಿದ್ದ ಕೊಡ ಬಿಟ್ಟಳು, ಅದು ಬೀದಿಯುದ್ದಕ್ಕೂ ಉರುಳುತ್ತಾ ಹೋಯಿತು. ಕೆಲಸ ಮುಗಿಸಿ ಸೈಕಲ್ಲಿನ ಮೇಲೆ ಬರುತ್ತಿದ್ದ ಗಂಡಸರು ನಕ್ಕು, ಅದನ್ನು ತಪ್ಪಿಸಿಕೊಂಡು ಮುಂದೆ ಹೋದರು. ಎದುರು ಮನೆಯ ತಮಿಳು ಹೆಂಗಸು ಕೊಡ ಎತ್ತಿಕೊಂಡು, ಅದಕ್ಕೆ ತಮ್ಮ ಮನೆಯ ನೀರನ್ನೇ ತುಂಬಿ ತಂದು ನಮ್ಮ ಬಾಗಿಲಲ್ಲಿ ನಿಂತರು. "ಮೊದ್ಲು ನೀರು ಕುಡೀರಿ, ಆಮೇಲೆ ಸಾಮಾನು" ಎಂದರು. ಅಮ್ಮ ಅಜ್ಜಿಯ ಮುಖ ನೋಡಿದಳು. ಅಜ್ಜಿ ಎರಡೂ ಕೈ ಜೋಡಿಸಿ ಬೊಗಸೆಯೊಡ್ಡಿದರು.