ಎಡತೋಳಿನ ಲಾಳ

ಹುಬ್ಬಳ್ಳಿಯ ಸಿದ್ಧಾರೂಢ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಪ್ರಯೋಗಾಲಯವೊಂದರಲ್ಲಿ ಪ್ರೋಟೀನುಗಳನ್ನು ಬೇರ್ಪಡಿಸುವ ಕೆಲಸದಲ್ಲಿದ್ದಾರೆ. ಶನಿವಾರ ಬಂದರೆ ಅವರಿಗೆ ಬೇರೆಯೇ ಗೀಳು. ಎರಡನೇ ಮಹಾಯುದ್ಧದ ಹಳೆಯ ಫಿಲ್ಮುಗಳನ್ನು ನಿಲ್ಲಿಸಿ ನಿಲ್ಲಿಸಿ ನೋಡುತ್ತಾರೆ. ಜರ್ಮನ್ ಸಮವಸ್ತ್ರದ ತೋಳಿನ ಮೇಲಿನ ಅಪರೂಪದ ಬಿಲ್ಲೆಗಳಿಂದ ಆ ಸೈನಿಕ ಜೀನು ಹೊಲಿಯುವವನೋ, ಪಾರಿವಾಳ ನೋಡಿಕೊಳ್ಳುವವನೋ ಎಂದು ಪತ್ತೆಹಚ್ಚುತ್ತಾರೆ.

"ನಿಮ್ಮ ಅಂಗಿ ತೋಳು ಹರದಿದ್ದು ಕಾಣಂಗಿಲ್ಲ, ಎಂಬತ್ತ ವರ್ಷದ ಹಿಂದಿನ ತೋಳು ಬೇಕ್ರಿ ನಿಮಗ," ಎಂದು ಹೆಂಡತಿ ಶೀತಲ್ ಚುಚ್ಚುತ್ತಾರೆ.

ವಾಲ್ನಟ್ ಕ್ರೀಕ್‌ನಲ್ಲಿ ಅವರ ಎದುರಿನ ಅಪಾರ್ಟ್‌ಮೆಂಟಿನ ಹನ್ನೆಲೋರ್‌ಗೆ ಎಂಬತ್ತನಾಲ್ಕು ವರ್ಷ. ಜರ್ಮನ್ ಸೇನೆಯಲ್ಲಿ ಕುದುರೆಗಳಿಗೆ ಲಾಳ ಹೊಡೆಯುತ್ತಿದ್ದ ಅಪ್ಪ ಯುದ್ಧದಿಂದ ಮರಳಲಿಲ್ಲ. ಆಕೆಯ ಬಳಿ ಇದ್ದದ್ದು ಒಂದೇ ಫೋಟೋ.

"ಆ ಸೇನೆ ಬಗ್ಗೆ ನನಗೆ ಹೆಮ್ಮೆಯಿಲ್ಲ, ಸಿದ್. ಅಪ್ಪ ಹೇಗೆ ನಡೀತಿದ್ರು, ಅಷ್ಟು ನೋಡ್ಬೇಕು," ಎಂದಿದ್ದರು.

ಆ ಅಪ್ಪ ಕೆಲಸ ಮಾಡುತ್ತಿದ್ದ ಸೇನೆಯ ಕುದುರೆ ಆಸ್ಪತ್ರೆಯ ಫಿಲ್ಮೊಂದು ಸಿದ್ಧಾರೂಢರಿಗೆ ಸಿಕ್ಕಿತು. ಅದರಲ್ಲೊಬ್ಬನ ಮುಖ ಫೋಟೋದಂತೆಯೇ ಇತ್ತು. ಆದರೆ ಹನ್ನೆಲೋರ್ ಹೇಳಿದ್ದಂತೆ ಅಪ್ಪನಿಗೆ ಎಡಗೈಯ ಉಂಗುರಬೆರಳು ಇರಲಿಲ್ಲ. ಇವನಿಗೆ ಬಲಗೈಯದು ಇಲ್ಲ. ಸಿದ್ಧಾರೂಢರ ಆನ್‌ಲೈನ್ ಬಳಗದವರೆಲ್ಲ "ಇವರಲ್ಲ" ಎಂದರು. ಹನ್ನೆಲೋರ್ ಮತ್ತೆ ಆ ಮಾತೆತ್ತಲಿಲ್ಲ.

ಮುಂದಿನ ಶನಿವಾರ ಚಹಾ ತಂದ ಶೀತಲ್ ಪರದೆಗೆ ಬಾಗಿದರು.

"ತೋಳಿನ ಮ್ಯಾಲ ಲಾಳ ಐತಲ್ರಿ."

"ಅದು ಫಿಲ್ಮಿನ ಕಲೆ. ಲಾಳದ ಬಿಲ್ಲೆ ಬಲತೋಳಿಗೇ ಹಚ್ಚತಾರ. ಇದು ಎಡಗಡೆ ಐತಿ."

"ಕಲೆಗೆ ಮೊಳೆ ಹೊಡಿಯೋ ತೂತು ಇರತಾವೇನ್ರಿ?"

ಸಿದ್ಧಾರೂಢ ಚಹಾ ಕೆಳಗಿಟ್ಟರು. ಪ್ರಯೋಗಾಲಯದಲ್ಲಿ ಪ್ರೋಟೀನಿನ ಗೆರೆಗಳು ಮೂಡುವ ಎಕ್ಸ್‌ರೇ ಫಿಲ್ಮ್ ತೊಳೆಯುವ ಮೊದಲು ಅವರು ಗುರುತಿಗೆಂದು ಅದರ ಬಲಮೂಲೆಯನ್ನು ಕತ್ತರಿಸುತ್ತಾರೆ. ಪಾರದರ್ಶಕ ಫಿಲ್ಮು ಮಗುಚಿಬಿದ್ದರೆ ಎಡ ಬಲವಾಗುತ್ತದೆ, ನೋಡುವವರಿಗೆ ತಿಳಿಯುವುದೇ ಇಲ್ಲ. ಈ ಯುದ್ಧದ ಫಿಲ್ಮಿನ ಮೂಲೆಯನ್ನು ಯಾರು ಕತ್ತರಿಸಿದ್ದರು?

ಎದೆಯ ಹದ್ದಿನ ಗುರುತು ನೋಡಿದರು. ಬಲಕ್ಕಿರಬೇಕಾದದ್ದು ಎಡಕ್ಕಿತ್ತು. ಕೋಟಿನ ಗುಂಡಿಗಳನ್ನು ನೋಡಿದರು. ಒಬ್ಬನದಲ್ಲ, ಅಲ್ಲಿದ್ದ ಎಲ್ಲರದೂ ಹೆಂಗಸರ ಕೋಟಿನಂತೆ ತಿರುಗುಮುರುಗು!

"ಶೀತಲ್, ಸ್ಕ್ಯಾನ್ ಮಾಡಿದವರು ಉಲ್ಟಾ ಹಾಕ್ಯಾರ!"

ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ಮಗುಚಿದರು. ಹದ್ದು ಬಲಕ್ಕೆ ಬಂತು, ಲಾಳ ಬಲತೋಳಿಗೆ ಬಂತು. ಇಲ್ಲದ ಬೆರಳು ಎಡಗೈಗೆ ಹೋಯಿತು.

"ಕುಂತೀರಿ ಯಾಕ? ನಡೀರಿ, ನಡೀರಿ!"

ಸಿದ್ಧಾರೂಢ ಬರಿಗಾಲಲ್ಲೇ ಲ್ಯಾಪ್‌ಟಾಪ್ ಹಿಡಿದು ಎದುರಿನ ಬಾಗಿಲು ಬಡಿದರು. ಹಿಂದೆಯೇ ಶೀತಲ್ ಬಂದರು. ಹನ್ನೆಲೋರ್ ಕುಳಿತ ಮೇಲೆ ಎಲ್ಲವನ್ನೂ ಕ್ರಮವಾಗಿ ವಿವರಿಸಿದರು.

"ನೂರಕ್ಕೆ ನೂರು ಅಂತ ಹೇಳಲಾರೆ. ಮುಖ, ಕೆಲಸ, ಜಾಗ ಮೊದಲೇ ಸರಿಯಿತ್ತು. ಅಲ್ಲ ಅನ್ನೋಕೆ ಇದ್ದ ಒಂದೇ ಕಾರಣ ಈಗ ಹೋಯ್ತು."

"ಸಾಕು, ಹಾಕು," ಎಂದರು ಆಕೆ.

ಪರದೆಯಲ್ಲಿ ಆತ ಕುದುರೆಯ ಕಾಲನ್ನು ಕೆಳಗಿಳಿಸಿ, ಅದರ ಬೆನ್ನು ತಟ್ಟಿ, ನೀರಿನ ತೊಟ್ಟಿಯತ್ತ ನಡೆದ. ಪಾದಗಳೆರಡೂ ಹೊರಕ್ಕೆ ತಿರುಗಿದ್ದವು.

"ಬಾತುಕೋಳಿ!" ಹನ್ನೆಲೋರ್ ಕೂಗಿಬಿಟ್ಟರು. "ಶಾಲೇಲಿ ನನ್ನನ್ನ ಹಾಗೇ ಕರೀತಿದ್ರು. ಅಮ್ಮ ಬೈದು ಬೈದು ಸಾಕಾಗಿದ್ದಳು. ಯಾರಿಂದ ಬಂತು ಅಂತ ಒಂದಿನಾನೂ ಹೇಳಲಿಲ್ಲ ನೋಡು!"

ಸೋಫಾದ ತೋಳು ಹಿಡಿದು ಎದ್ದರು. ಪಾದಗಳನ್ನು ಹೊರಕ್ಕೆ ಚಾಚುತ್ತ, ಬೇಕೆಂದೇ ಇನ್ನಷ್ಟು ಚಾಚುತ್ತ, ಅಡುಗೆಮನೆಯವರೆಗೆ ನಡೆದು ತಿರುಗಿದರು.

"ಹೇಗಿದೆ?"

"ಸೇಮ್ ಟು ಸೇಮ್!" ಎಂದು ಶೀತಲ್ ಚಪ್ಪಾಳೆ ತಟ್ಟಿದರು.